ಬಸ್ಸಿನ್ಯಾಗ ವಾಂತಿ ಬರ್ತದೇನವ್ವಾ?

"ಆಪರೇಶನ್ ಆದಮ್ಯಾಲ ಒಂದೆರಡು ವಾಂತಿ ಆಗೋದೇ ರೀ, ಅದಕ್ಯಾಕ ಗಾಬ್ರಿ ಆಗ್ತೀರಿ?"

ಆಳಂದ, ಅಫಜಲಪುರ, ಜೇವರ್ಗಿಯಿಂದ ಕಲಬುರಗಿಗೋ ಸೊಲ್ಲಾಪುರಕ್ಕೋ ಹೋಗಿ ದುರ್ಬೀನು ಆಪರೇಶನ್ ಮಾಡಿಸಿಕೊಂಡು ಬಂದ ಮನೆಗಳಲ್ಲಿ ಈ ಮಾತು ಕೇಳದವರು ಕಡಿಮೆ. ನನ್ನ ತಕರಾರು ಈ ಮಾತಿನ ಮೇಲೆಯೇ. ವಾಂತಿ ಯಾರಿಗೆ ಆಗುತ್ತದೆ ಅಂತ ಮೊದಲೇ ಅಂದಾಜು ಮಾಡಬಹುದು. ಬಹಳಷ್ಟು ತಡೆಯಲೂಬಹುದು. ಹಾಗಿದ್ದೂ ತಡೆಯದೆ ಬಿಡೋದಕ್ಕೆ 'ಸಹಜ' ಅಂತ ಹೆಸರು ಇಟ್ಟರೆ ಹೇಗೆ ಸ್ವಾಮಿ?

1999ರಲ್ಲಿ ಜರ್ಮನಿಯ ಅರಿವಳಿಕೆ ತಜ್ಞ ಕ್ರಿಶ್ಚಿಯನ್ ಅಪ್ಫೆಲ್ ಮತ್ತು ಸಂಗಡಿಗರು ನಾಲ್ಕೇ ನಾಲ್ಕು ಪ್ರಶ್ನೆಯ ಲೆಕ್ಕ ಕೊಟ್ಟರು. ರೋಗಿ ಹೆಣ್ಣೇ? ಬೀಡಿ ಸಿಗರೇಟು ಸೇದದವಳೇ? ಪ್ರಯಾಣದಲ್ಲಿ ಅಥವಾ ಹಿಂದಿನ ಆಪರೇಶನ್ನಿನಲ್ಲಿ ವಾಂತಿ ಆಗಿತ್ತೇ? ಆಮೇಲೆ ಮಾರ್ಫಿನ್ ಜಾತಿಯ ನೋವಿನ ಮದ್ದು ಕೊಡುತ್ತಾರೆಯೇ? ಒಂದಕ್ಕೂ ಹೌದು ಅನ್ನದಿದ್ದರೆ ನೂರಕ್ಕೆ ಸುಮಾರು 10 ಮಂದಿಗೆ ವಾಕರಿಕೆ ಅಥವಾ ವಾಂತಿ. ಎರಡಕ್ಕೆ ಹೌದಾದರೆ 40, ಮೂರಕ್ಕೆ 60, ನಾಲ್ಕಕ್ಕೂ ಹೌದಾದರೆ 80.

ಈಗ ನಮ್ಮ ಹಳ್ಳಿಯ ಒಬ್ಬ ಹೆಣ್ಣುಮಗಳನ್ನು ಈ ಲೆಕ್ಕಕ್ಕೆ ಹಾಕಿ. ಹೆಣ್ಣು, ಬೀಡಿ ಸೇದಲ್ಲ, ಆಗಲೇ ಎರಡು. ಬಸ್ಸು ಹತ್ತಿದರೆ ಕಿಟಕಿ ಪಕ್ಕದ ಸೀಟೇ ಬೇಕು, ಕೈಯಲ್ಲಿ ನಿಂಬೆಹಣ್ಣು... ಮೂರು! ಪಿತ್ತಕೋಶ ಅಥವಾ ಗರ್ಭಕೋಶ ತೆಗೆಸುವುದಾದರೆ ಅಪಾಯ ಇನ್ನೂ ಹೆಚ್ಚು. ಹೊಟ್ಟೆಗೆ ಗ್ಯಾಸು ತುಂಬಿ ಮಾಡುವ ಇಂಥ ಆಪರೇಶನ್‌ಗಳಲ್ಲಿ ವಾಂತಿಯ ಕಾಟ ಜಾಸ್ತಿ ಅಂತ ಅವರದೇ ಪುಸ್ತಕಗಳು ಹೇಳುತ್ತವೆ. ಬಿ.ಪಿ. ನೋಡ್ತಾರೆ, ಶುಗರ್ ನೋಡ್ತಾರೆ, ಅಡ್ವಾನ್ಸ್ ಕಟ್ಟಿದ್ರಾ ಅಂತಂತೂ ಮರೆಯದೆ ಕೇಳ್ತಾರೆ. "ಬಸ್ಸಿನ್ಯಾಗ ವಾಂತಿ ಬರ್ತದೇನವ್ವಾ?" ಅಂತ ಎಷ್ಟು ಕಡೆ ಕೇಳ್ತಾರೆ?

ತಡೆಯುವ ಮದ್ದು ದುಬಾರಿಯೂ ಅಲ್ಲ. ಮಂಪರು ಕೊಟ್ಟ ಕೂಡಲೇ ಡೆಕ್ಸಾಮೆಥಾಸೋನ್, ಮುಗಿಯುವ ಹೊತ್ತಿಗೆ ಒಂಡಾನ್ಸೆಟ್ರಾನ್. ಎರಡೂ ಹಳೆಯ ಔಷಧಿ, ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. (ಸಕ್ಕರೆ ಕಾಯಿಲೆ ಇದ್ದವರಿಗೆ ಮೊದಲನೆಯದನ್ನು ನೋಡಿಕೊಂಡು ಕೊಡಬೇಕು, ಅದು ಡಾಕ್ಟರ ಕೆಲಸ.) 2004ರಲ್ಲಿ ಪ್ರಕಟವಾದ, ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಮಾಡಿದ ಪರೀಕ್ಷೆಯಲ್ಲಿ ಒಂದೊಂದು ಮದ್ದೂ ಅಪಾಯವನ್ನು ಕಾಲು ಭಾಗದಷ್ಟು ಇಳಿಸಿತ್ತು, ಎರಡು ಕೊಟ್ಟರೆ ಇನ್ನೂ ಹೆಚ್ಚು. ಒಂದೆರಡು ಪ್ರಶ್ನೆಗೆ ಹೌದು ಅಂದವರಿಗೇ ಎರಡು ಮದ್ದು ಕೊಡಿ, ಅದಕ್ಕಿಂತ ಹೆಚ್ಚಿದ್ದರೆ ಮೂರು ನಾಲ್ಕು ಕೊಡಿ ಅಂತ 2020ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನಾವು ಮಾತ್ರ ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡೋರು. ವಾಂತಿ ಆಗಲಿ, ಆಮೇಲೆ ಇಂಜೆಕ್ಷನ್!

ಉಪವಾಸದ್ದು ಇನ್ನೊಂದು ಕಥೆ. ರಾತ್ರಿ ಎಂಟಕ್ಕೆ ರೊಟ್ಟಿ ಉಂಡವಳಿಗೆ ಮರುದಿನ ಮಧ್ಯಾಹ್ನದ ತನಕ ಹನಿ ನೀರಿಲ್ಲ. ಹೆಚ್ಚಿನವರು ಎರಡು ತಾಸು ಮೊದಲಿನವರೆಗೆ ತಿಳಿ ನೀರು ಕುಡಿಯಬಹುದು ಅಂತ ನಿಯಮ ಬದಲಾಗಿ ಎಷ್ಟು ವರ್ಷ ಆಯ್ತು! ಒಣಗಿದ ಮೈಗೆ ವಾಕರಿಕೆಯೂ ಹೆಚ್ಚು.

"ವಾಂತಿಯಿಂದ ಯಾರೂ ಸಾಯಲ್ಲ ಬಿಡ್ರಿ" ಅನ್ನುವವರಿದ್ದಾರೆ. ಸಾಯದಿದ್ದರೆ ಸಾಕೇ? ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಜೇವರ್ಗಿ ರಸ್ತೆಯಲ್ಲಿ ಕುಲುಕುತ್ತಾ ಹೋಗುವವಳನ್ನು ಕೇಳಿ. ನೋವಿನ ಗುಳಿಗೆ ಹೊಟ್ಟೆಯಲ್ಲಿ ನಿಲ್ಲಲ್ಲ, ಸಲೈನ್ ಅಂತ ಒಂದು ದಿನ ಹೆಚ್ಚು ಮಲಗಬೇಕು, ಜೊತೆಗೆ ಬಂದವನ ಕೂಲಿಯೂ ಹೋಯ್ತು. ಅವಳ ಪಾಡು ನೋಡಿದ ಪಕ್ಕದ ಮನೆಯವಳು ಪಿತ್ತದ ಕಲ್ಲು ಇಟ್ಟುಕೊಂಡೇ ವರ್ಷಗಟ್ಟಲೆ ನರಳ್ತಾಳೆ.

2002ರ ನಂಜುಂಡಪ್ಪ ವರದಿ ಈ ಮೂರೂ ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಅಂತ ಬರೆದಿತ್ತು. ಅಂದಿನಿಂದ ಏನು ಕೇಳಿದರೂ ಅನುದಾನದ ಮಾತು. ಇದಕ್ಕೆ ಯಾವ ಅನುದಾನ ಬೇಕು? ಡಾಕ್ಟರು ಕೇಳದಿದ್ದರೆ ನೀವೇ ಹೇಳಿ. ಮನೆಯಲ್ಲಿ ಯಾರಿಗಾದರೂ ಆಪರೇಶನ್ ಇದ್ದರೆ ಮಂಪರು ಕೊಡುವ ಡಾಕ್ಟರ ಹತ್ತಿರ ಹಿಂದಿನ ದಿನವೇ, "ಸಾಹೇಬ್ರ, ನಮ್ಮವ್ವಗ ಬಸ್ಸಿನ್ಯಾಗ ವಾಂತಿ ಬರ್ತದ, ಮೊದಲ ಇಂಜೆಕ್ಷನ್ ಕೊಡ್ತೀರಲ್ಲಾ?" ಅಂತ ಕೇಳಿ.