ಜೀಪಿನ ಮೇಲಿನ ಡೇರೆ: ಅನುಕೂಲವೆಷ್ಟು, ತೊಡಕೆಷ್ಟು?

ಈಚಿನ ವರ್ಷಗಳಲ್ಲಿ ನಮ್ಮ ಕಡೆಯ ಘಾಟಿ ರಸ್ತೆಗಳಲ್ಲಿ ಹೊಸ ಬಗೆಯ ವಾಹನಗಳು ಕಾಣಿಸಿಕೊಳ್ಳುತ್ತಿವೆ. ನೆತ್ತಿಯ ಮೇಲೆ ದೊಡ್ಡ ಪೆಟ್ಟಿಗೆಯೊಂದನ್ನು ಹೊತ್ತ ಜೀಪು, ಪಿಕಪ್ಪುಗಳು ಅವು. ಸಂಜೆ ಎಲ್ಲಾದರೂ ನಿಲ್ಲಿಸಿ ಕೊಂಡಿ ಬಿಚ್ಚಿದರೆ ಐದು ಹತ್ತು ನಿಮಿಷದಲ್ಲಿ ಪೆಟ್ಟಿಗೆ ಡೇರೆಯಾಗುತ್ತದೆ. ಒಳಗೆ ಹಾಸಿಗೆ ಸಿದ್ಧ, ಪಕ್ಕಕ್ಕೊಂದು ಏಣಿ. ಇಬ್ಬರು ಮೂವರು ಹತ್ತಿ ಮಲಗಬಹುದು. ಇದನ್ನು ಕಂಡ ಹಿರಿಯ ಸದಸ್ಯರೊಬ್ಬರು ಸಂಘದ ಜಗಲಿಯಲ್ಲಿ ಕುಳಿತು, "ಇದೇನು ಮಹಾ! ನಮ್ಮ ಗದ್ದೆ ಕಾಯುವ ಮಾಳಕ್ಕೆ ಗಾಲಿ ಕಟ್ಟಿದ್ದಾರೆ, ಅಷ್ಟೆ" ಎಂದರು. ಎಲ್ಲರೂ ನಕ್ಕೆವು. ಆದರೆ ಮಾತು ಸುಳ್ಳಲ್ಲ. ನೆಲ ಬಿಟ್ಟು ಎತ್ತರದಲ್ಲಿ ಮಲಗುವ ಉಪಾಯ ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಇಟಲಿಯಲ್ಲಿಯೂ 1958ರಷ್ಟು ಹಿಂದೆಯೇ ಕಾರಿನ ಮೇಲಿನ ಡೇರೆ ತಯಾರಾಗಿತ್ತು. ನಮ್ಮಲ್ಲಿ ಅದು ಈಗ ಬಂದಿದೆ.

ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಸದಸ್ಯರಿಂದ ಎರಡು ಬಗೆಯ ಪ್ರಶ್ನೆಗಳು ನಮಗೆ ಬರುತ್ತಿವೆ. "ಮಗ ಹಠ ಹಿಡಿದಿದ್ದಾನೆ, ನಮ್ಮ ಜೀಪಿಗೂ ಒಂದು ಹಾಕಿಸಬಹುದೇ?" ಎಂಬುದು ಒಂದು. "ಇಂಥ ವಾಹನದವರು ಬಂದು ರಾತ್ರಿಗೆ ಕಣದಲ್ಲಿ ಜಾಗ ಕೇಳುತ್ತಾರೆ, ದುಡ್ಡೂ ಕೊಡುತ್ತೇವೆನ್ನುತ್ತಾರೆ, ಕೊಡಬಹುದೇ?" ಎಂಬುದು ಇನ್ನೊಂದು. ಎರಡಕ್ಕೂ ಬೇರೆ ಬೇರೆಯಾಗಿಯೇ ಉತ್ತರ ಹೇಳಬೇಕಾಗುತ್ತದೆ.

ಮೊದಲು ಅನುಕೂಲಗಳನ್ನು ನೋಡೋಣ. ಮಲೆನಾಡಿನ ನೆಲ ಡೇರೆ ಹಾಕುವವನಿಗೆ ಸುಲಭದ್ದಲ್ಲ. ತೇವ, ಇಂಬಳ, ಹಾವು, ಚೇಳು ಎಲ್ಲವೂ ಇವೆ. ಬೇಸಿಗೆಯಲ್ಲಿ ಉಣುಗುಗಳ ಕಾಟ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಈ ಉಣುಗುಗಳಿಂದಲೇ, ಹೆಚ್ಚಾಗುವುದೂ ಡಿಸೆಂಬರಿನಿಂದ ಮೇ ತಿಂಗಳವರೆಗಿನ ಒಣಗಾಲದಲ್ಲಿಯೇ. ತರಗೆಲೆಯ ಮೇಲೆ ಚಾಪೆ ಹಾಸಿ ಮಲಗುವುದಕ್ಕಿಂತ ನೆಲದಿಂದ ಆರೇಳು ಅಡಿ ಮೇಲೆ ಮಲಗುವುದು ನಿಸ್ಸಂದೇಹವಾಗಿ ಮೇಲು. ಗೂಟ ಹೊಡೆಯುವ, ಕಾಲುವೆ ತೋಡುವ ಕೆಲಸವಿಲ್ಲ. ಗಾಳಿಯಾಡುತ್ತದೆ. ಹಾಸಿಗೆ ಒಣಗಿರುತ್ತದೆ. ಕುಟುಂಬದೊಡನೆ ನಾಲ್ಕು ಊರು ನೋಡಬೇಕೆನ್ನುವವರಿಗೆ ವಸತಿಗೃಹದ ಖರ್ಚೂ ಉಳಿಯುತ್ತದೆ.

ಇನ್ನು ತೊಡಕುಗಳು. ಮೊದಲನೆಯದು ಭಾರ. ಇಂಥ ಡೇರೆಗಳು ಸಾಮಾನ್ಯವಾಗಿ 50ರಿಂದ 80 ಕಿಲೋ ತೂಗುತ್ತವೆ. ಅದನ್ನು ಹೊರುವ ಕ್ಯಾರಿಯರ್‌ನ ತೂಕ ಬೇರೆ. ವಾಹನದ ಮಾಡು ಎಷ್ಟು ಹೊರಬಲ್ಲದೆಂಬುದಕ್ಕೆ ಎರಡು ಲೆಕ್ಕಗಳಿವೆ. ನಿಂತಾಗಿನ ಲೆಕ್ಕ ಒಂದು, ಓಡುವಾಗಿನದು ಇನ್ನೊಂದು. ನಿಂತ ವಾಹನದ ಮೇಲೆ ಮೂವರು ಮಲಗಿದರೂ ಮಾಡು ತಡೆಯುತ್ತದೆ. ಓಡುವಾಗ, ಅದರಲ್ಲೂ ತಿರುವಿನಲ್ಲಿ, ಬ್ರೇಕು ಹಾಕಿದಾಗ, ಗುಂಡಿಗೆ ಇಳಿದಾಗ, ಆ ಮಿತಿ ಬಹಳ ಕಡಿಮೆ. ಅನೇಕ ವಾಹನಗಳಿಗೆ ಅದು 50ರಿಂದ 100 ಕಿಲೋ ಒಳಗೇ ಇರುತ್ತದೆ. ವಾಹನದ ಜೊತೆ ಬಂದ ಪುಸ್ತಕದಲ್ಲಿ ಆ ಅಂಕಿಯನ್ನು ಹುಡುಕಿ ನೋಡಿ, ಆಮೇಲೆ ಅಂಗಡಿಗೆ ಹೋಗಬೇಕು. ಅಡಿಕೆ ಮೂಟೆಯನ್ನು ಮಾಡಿನ ಮೇಲೆ ಏರಿಸಿಕೊಂಡು ಬಂದವರಿಗೆ ವಾಹನ ಹೇಗೆ ವಾಲುತ್ತದೆಂದು ಹೇಳಿಕೊಡಬೇಕಾಗಿಲ್ಲ. ಆಗುಂಬೆ ಘಾಟಿಯ 14 ತಿರುವುಗಳನ್ನು ನೆತ್ತಿಭಾರದ ಗಾಡಿಯಲ್ಲಿ ಇಳಿಯುವಾಗ ಅದು ಇನ್ನೂ ಚೆನ್ನಾಗಿ ತಿಳಿಯುತ್ತದೆ.

ನಮ್ಮಲ್ಲಿ ಬಹಳ ಜನರ ಬಳಿ ಇರುವುದು ಟಾರ್ಪಾಲು ಹೊದಿಸಿದ ಹಳೆಯ ಜೀಪು. ಅದಕ್ಕೆ ಭಾರ ಹೊರುವ ಮಾಡೇ ಇಲ್ಲ. ಕಬ್ಬಿಣದ ಚೌಕಟ್ಟು ಬೆಸೆಸಿ ಕೂರಿಸಿಕೊಡುತ್ತೇವೆಂದು ವರ್ಕ್‌ಶಾಪಿನವರು ಹೇಳಬಹುದು. ಆದರೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಿಸುವುದಕ್ಕೆ ಅಡ್ಡಿಯಾಗಿದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿ ಹಿಡಿದಿದೆ. ಆದುದರಿಂದ ಬೆಸುಗೆಯ ಕೆಲಸಕ್ಕೆ ಕೈಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸಿ, ಸಾಧ್ಯವಾದರೆ ಬರಹದಲ್ಲಿ ಉತ್ತರ ಪಡೆಯುವುದು ಕ್ಷೇಮ. ಅಪಘಾತವಾದ ಮೇಲೆ ವಿಮೆಯವರೊಡನೆ ವಾದ ಮಾಡಿ ಗೆದ್ದವರು ಕಡಿಮೆ.

ಎರಡನೆಯ ತೊಡಕು ನಮ್ಮ ಮಳೆ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಕಂಬಳಿಯೇ ಒಣಗದ ಊರಿನಲ್ಲಿ ಒದ್ದೆಯಾದ ಡೇರೆಯನ್ನು ಮಡಿಸಿ ಪೆಟ್ಟಿಗೆಗೆ ತುಂಬಿದರೆ ವಾರದೊಳಗೆ ಬೂಸಲು ಹಿಡಿಯುತ್ತದೆ. ಚಳಿಗಾಲದಲ್ಲಿಯೂ ಒಳಗೆ ಮಲಗಿದವರ ಉಸಿರಿನಿಂದಲೇ ಬೆಳಿಗ್ಗೆ ಬಟ್ಟೆಯೆಲ್ಲ ಹನಿಗಟ್ಟಿರುತ್ತದೆ. ಬಿಸಿಲಿಗೆ ಬಿಚ್ಚಿ ಒಣಗಿಸದೆ ಮಡಿಸುವಂತಿಲ್ಲ. ಮೂರನೆಯದು, ಡೇರೆ ಬಿಚ್ಚಿರುವಷ್ಟು ಹೊತ್ತು ವಾಹನ ಚಲಿಸುವಂತಿಲ್ಲ. ಅರ್ಧರಾತ್ರಿ ಮಗುವಿಗೆ ಜ್ವರ ಏರಿದರೂ ಮೊದಲು ಡೇರೆ ಮಡಿಸಬೇಕು. ವಯಸ್ಸಾದವರಿಗೆ ಆ ಏಣಿ ಹತ್ತಿಳಿಯುವುದು ಕಷ್ಟ. ರಾತ್ರಿ ಎರಡು ಬಾರಿ ಏಳುವವರಿಗಂತೂ ಹೇಳುವುದೇ ಬೇಡ.

ಕೊನೆಯದು ಬೆಲೆ. ಸುಮಾರಾದ ಡೇರೆಯೊಂದಕ್ಕೆ ಲಕ್ಷ ರೂಪಾಯಿಯ ಆಸುಪಾಸು, ಒಳ್ಳೆಯದಕ್ಕೆ ಅದಕ್ಕೂ ಹೆಚ್ಚು ತೆರಬೇಕು. ಹೆಚ್ಚುಕಡಿಮೆ ಅದೇ ಮೊತ್ತಕ್ಕೆ ಅಡಿಕೆಗೆ ಬೋರ್ಡೊ ಹೊಡೆಯುವ ಫೈಬರ್ ದೋಟಿ ಬರುತ್ತದೆ. ದೋಟಿ ಪ್ರತಿ ವರ್ಷವೂ ಕೊಳೆರೋಗದಿಂದ ಗೊನೆ ಉಳಿಸುತ್ತದೆ, ಡೇರೆ ವರ್ಷಕ್ಕೆ ಹತ್ತು ರಾತ್ರಿ ಬಿಚ್ಚಿದರೆ ಹೆಚ್ಚು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಸಾಲ ಮಾಡಿ ಕೊಳ್ಳುವ ವಸ್ತು ಇದಲ್ಲ. ಹುಡುಗರಿಗೆ ಆಸೆಯಿದ್ದರೆ ಮೊದಲು ಬಾಡಿಗೆಗೆ ತಂದು ಒಂದೆರಡು ರಾತ್ರಿ ಮಲಗಿ ನೋಡಲಿ. ಆಮೇಲೂ ಬೇಕೆನಿಸಿದರೆ, ಗಟ್ಟಿ ಮಾಡಿನ ವಾಹನವಿದ್ದರೆ, ಕೈಯಲ್ಲಿ ದುಡ್ಡಿದ್ದರೆ ನಮ್ಮ ಆಕ್ಷೇಪವಿಲ್ಲ.

ಎರಡನೆಯ ಪ್ರಶ್ನೆಯೇ ನಮ್ಮ ದೃಷ್ಟಿಯಲ್ಲಿ ಹೆಚ್ಚು ಮಹತ್ವದ್ದು. ಈ ಡೇರೆಗೆ ಮುಖ್ಯವಾಗಿ ಬೇಕಾದದ್ದು ಸಮತಟ್ಟಾದ ಜಾಗ. ವಾಹನ ಸ್ವಲ್ಪ ವಾಲಿದರೂ ಮಲಗಿದವರು ರಾತ್ರಿಯೆಲ್ಲ ಒಂದು ಮಗ್ಗುಲಿಗೆ ಜಾರುತ್ತಾರೆ. ಗುಡ್ಡದ ಇಳಿಜಾರಿನಲ್ಲಿರುವ ನಮ್ಮ ಹಿಡುವಳಿಗಳಲ್ಲಿ ಸಮತಟ್ಟಾಗಿರುವುದು ಒಂದು ಕಣ, ಇನ್ನೊಂದು ಗದ್ದೆ. ಗದ್ದೆಗೆ ವಾಹನ ಇಳಿಯುವ ದಾರಿ ಇರುವುದಿಲ್ಲ. ಉಳಿಯಿತು ಕಣ. ಅದಕ್ಕೇ ಅವರು ಬಂದು ಕೇಳುವುದು.

ಈಗ ಪಂಚಾಂಗ ನೋಡಿ. ಡೇರೆಯಲ್ಲಿ ಸುಖವಾಗಿ ಮಲಗಬಹುದಾದ ಕಾಲ ನವೆಂಬರಿನಿಂದ ಫೆಬ್ರವರಿಯವರೆಗೆ. ನಮ್ಮ ಕಣ ತುಂಬಿರುವುದೂ ಅದೇ ಕಾಲದಲ್ಲಿ. ಪಾರ್ಚ್‌ಮೆಂಟ್ ಒಣಗಲು ವಾರ ಹತ್ತು ದಿನ, ಚೆರ್ರಿಗೆ ಹನ್ನೆರಡರಿಂದ ಹದಿನೈದು ದಿನ, ಚಾಲಿ ಅಡಿಕೆಗೆ ತಿಂಗಳಿಗೂ ಮೀರಿ ಬಿಸಿಲು ಬೇಕು. ಕಣ ಬರಿದಾಗುವುದು ಮಾರ್ಚಿನ ಹೊತ್ತಿಗೆ. ಆಗ ಹೂಮಳೆ, ಹಿಂದೆಯೇ ಗುಡುಗು ಸಿಡಿಲು. ಜೂನ್ ಬಂದರೆ ಮಳೆಗಾಲ. ಅತಿಥಿಗೂ ಕಣಕ್ಕೂ ಎರಡಕ್ಕೂ ಒಪ್ಪುವ ದಿನಗಳು ವರ್ಷದಲ್ಲಿ ಬಹಳ ಕಡಿಮೆ.

ಕಳೆದ ಸುಗ್ಗಿಯಲ್ಲಿ ಮೂರೆಕರೆಯ ಸದಸ್ಯರೊಬ್ಬರು ಒಂದು ರಾತ್ರಿಯ ಬಾಡಿಗೆಗೆ ಆಸೆಪಟ್ಟು, ಒಣಗುತ್ತಿದ್ದ ಚೆರ್ರಿಯನ್ನು ಮೂಲೆಗೆ ಒಟ್ಟಿ ಎರಡು ವಾಹನಗಳಿಗೆ ಜಾಗ ಮಾಡಿಕೊಟ್ಟರು. ಬಂದವರು ಸಭ್ಯರೇ. ಆದರೆ ಒಟ್ಟಿದ ಹಸಿ ಚೆರ್ರಿ ರಾತ್ರಿಯೆಲ್ಲ ಬೆವೆತು ಕಾವು ಏರಿತು. ಒಂದು ವಾಹನದಿಂದ ಡೀಸೆಲ್ ತೊಟ್ಟಿಕ್ಕಿ ಕಣದ ಸಿಮೆಂಟಿಗೆ ಇಳಿಯಿತು. ಕಾಫಿ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುವ ಬೆಳೆ ಎಂದು ನಮಗೆಲ್ಲ ಗೊತ್ತು. ಆ ರಾತ್ರಿ ಬಂದ ಬಾಡಿಗೆಗಿಂತ ಚೆರ್ರಿಯ ದರದಲ್ಲಿ ಕಳೆದುಕೊಂಡದ್ದು ಹೆಚ್ಚು. ಅವರೇ ನಮಗೆ ಹೇಳಿ, "ಬರೆಯಿರಿ, ನಾಲ್ಕು ಜನಕ್ಕೆ ತಿಳಿಯಲಿ" ಎಂದರು.

ಆನೆಯ ವಿಷಯವನ್ನೂ ಮರೆಯುವಂತಿಲ್ಲ. 2021ರ ಜನವರಿಯಲ್ಲಿ ನೆರೆಯ ವಯನಾಡಿನ ಮೇಪ್ಪಾಡಿಯಲ್ಲಿ ರೆಸಾರ್ಟಿನ ಡೇರೆಯಲ್ಲಿ ತಂಗಿದ್ದ ಮಹಿಳೆಯೊಬ್ಬರು ಆನೆಯ ದಾಳಿಗೆ ಬಲಿಯಾದರು. ಅದು ನೆಲದ ಡೇರೆ, ನಿಜ. ಆದರೆ ಜೀಪಿನ ಮಾಡು ಆನೆಯ ಸೊಂಡಿಲಿಗೆ ಎತ್ತರವೇನಲ್ಲ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ, ಕೊಡಗಿನ ಕಡೆಯ ಸದಸ್ಯರಿಗೆ ನಾವು ಸ್ಪಷ್ಟವಾಗಿಯೇ ಹೇಳುತ್ತೇವೆ: ಆನೆ ಓಡಾಡುವ ತೋಟದಲ್ಲಿ ಯಾರನ್ನೂ ಡೇರೆಯಲ್ಲಿ ಮಲಗಿಸಬೇಡಿ. ಹಲಸು ಹಣ್ಣಾಗುವ ಕಾಲದಲ್ಲಂತೂ ಖಂಡಿತ ಬೇಡ. ಪಕ್ಕದ ಮೀಸಲು ಅರಣ್ಯದಲ್ಲಿ ಜಾಗ ತೋರಿಸುವುದೂ ಸಲ್ಲದು. ಅಲ್ಲಿ ಅಪ್ಪಣೆಯಿಲ್ಲದೆ ತಂಗುವುದು ಅಪರಾಧ, ತೋರಿಸಿದವರೂ ತೊಂದರೆಗೆ ಸಿಕ್ಕಿಕೊಳ್ಳಬೇಕಾದೀತು.

ಹಾಗೆಂದು ಬರುವವರನ್ನೆಲ್ಲ ಬಾಗಿಲಿನಿಂದಲೇ ಕಳುಹಿಸಬೇಕೆಂದು ನಾವು ಹೇಳುತ್ತಿಲ್ಲ. ಧಾರಣೆ ಕುಸಿದ ವರ್ಷ ಸಣ್ಣ ಹಿಡುವಳಿದಾರನಿಗೆ ನಾಲ್ಕು ಕಾಸು ಬೇರೆ ಕಡೆಯಿಂದ ಬಂದರೆ ಒಳ್ಳೆಯದೇ. ಹಾಸಿಗೆ, ಕೋಣೆ ಎರಡನ್ನೂ ತಮ್ಮೊಡನೆ ತರುವ ಈ ಅತಿಥಿಗಳಿಗಾಗಿ ನಾವು ಹೊಸ ಕಟ್ಟಡ ಕಟ್ಟಬೇಕಾಗಿಲ್ಲ. ಬೇಕಾದದ್ದು ಕಣವನ್ನು ಬಿಟ್ಟು ಬೇರೊಂದು ಸಮತಟ್ಟಾದ ಜಾಗ, ಶುದ್ಧ ನೀರು, ಚೊಕ್ಕ ಶೌಚಾಲಯ. ಜಾಗದ ಮೇಲೆ ಸಿಲ್ವರ್ ಓಕ್ ಕೊಂಬೆಯಾಗಲಿ, ತೆಂಗು ಅಡಿಕೆಯ ಸೋಗೆಯಾಗಲಿ ಬೀಳುವಂತಿರಬಾರದು. ಒಣಗಾಲದಲ್ಲಿ ಬೆಂಕಿ ಹಾಕಲು ಬಿಡಬಾರದು. ಹಣ ಪಡೆದು ತಂಗಿಸುವವರು ಪಂಚಾಯಿತಿಯಲ್ಲಿಯೂ ಪ್ರವಾಸೋದ್ಯಮ ಇಲಾಖೆಯಲ್ಲಿಯೂ ನಿಯಮ ವಿಚಾರಿಸಿಕೊಂಡೇ ಮುಂದುವರಿಯಬೇಕು. ಹತ್ತಿರದ ಆಸ್ಪತ್ರೆಯ ದಾರಿಯನ್ನು ಬಂದವರಿಗೆ ಸಂಜೆಯೇ ಹೇಳಿರಬೇಕು.

ಇಂಥ ಜಾಗ ಒಬ್ಬೊಬ್ಬರಿಗೆ ಹೊಂದಿಸಲು ಕಷ್ಟವಾದರೆ, ಊರಿಗೊಂದರಂತೆ ನಾಲ್ಕೈದು ಮನೆಯವರು ಸೇರಿ ಮಾಡಬಹುದು. ದರವೂ ಒಂದೇ ಇರಲಿ. ಒಬ್ಬರಿಗಿಂತ ಒಬ್ಬರು ಇಳಿಸುತ್ತಾ ಹೋದರೆ ಕೊನೆಗೆ ಯಾರಿಗೂ ಏನೂ ಉಳಿಯದು. ಅಡಿಕೆ ಮಾರುಕಟ್ಟೆಯಲ್ಲಿ ಕಲಿತ ಈ ಪಾಠಕ್ಕಾಗಿಯೇ ನಾವು ಸಹಕಾರ ಸಂಘ ಕಟ್ಟಿಕೊಂಡದ್ದು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯ ಇಷ್ಟು: ಡೇರೆ ಕೆಟ್ಟ ವಸ್ತುವಲ್ಲ, ಆದರೆ ಅದು ಬಿಡುವಿನ ವಸ್ತು. ಕಣ ನಮ್ಮ ಅನ್ನದ ಜಾಗ. ಕಣ ಮೊದಲು, ಡೇರೆ ಆಮೇಲೆ. ಈ ವಿಚಾರದಲ್ಲಿ ಅನುಭವವಿರುವ ಸದಸ್ಯ ಬಾಂಧವರು ತಮ್ಮ ಒಪ್ಪಿಗೆಯನ್ನಾಗಲಿ ಭಿನ್ನಾಭಿಪ್ರಾಯವನ್ನಾಗಲಿ ಬರೆದು ಕಳುಹಿಸಬೇಕಾಗಿ ಕೋರುತ್ತೇವೆ. ಮುಂದಿನ ಸುಗ್ಗಿಯ ಮೊದಲು ಮಹಾಸಭೆಯಲ್ಲಿ ಇದನ್ನು ಚರ್ಚಿಸಿದರೆ ಎಲ್ಲರಿಗೂ ಉಪಯೋಗವಾದೀತು.