ಸಾಹೇಬರು ಬರುವ ತನಕ ಕಾಯಬೇಕೆ?

ಟಿ.ವಿ.ಯಲ್ಲಿ ಲಂಚಕೋರ ಪೊಲೀಸರ ಕಥೆ ಬಂದರೆ ನಮ್ಮ ಕಡೆ ಹೆಂಗಸರೆಲ್ಲ ವಿಮರ್ಶಕಿಯರೇ. ಮಂಡ್ಯದ ಓರಗಿತ್ತಿಗೆ ಅದೆಲ್ಲ ಅತಿರೇಕ. ‘ಇಷ್ಟೊಂದು ಕೆಟ್ಟವರಿರ್ತಾರೇನೇ?’ ಅನ್ನುತ್ತಾಳೆ. 545 ಪಿ.ಎಸ್.ಐ. ಹುದ್ದೆಗಳ ಅಕ್ರಮದ ಆರೋಪದಲ್ಲಿ 2022ರಲ್ಲಿ ಎ.ಡಿ.ಜಿ.ಪಿ. ದರ್ಜೆಯವರೇ ಬಂಧನಕ್ಕೊಳಗಾದರಲ್ಲ, ಅದನ್ನು ಯಾವ ಕಥೆಗಾರ ಬರೆದಿದ್ದ? ಮದ್ದೂರಿನ ಗೆಳತಿಗೆ ಮಾತ್ರ 1996ರ ‘ಪೊಲೀಸ್ ಸ್ಟೋರಿ’ಯ ಸಾಯಿಕುಮಾರ್ ಥರ ಗುಡುಗುವ ಸಾಹೇಬನೊಬ್ಬ ಬಂದರೆ ಸಾಕು, ಎಲ್ಲ ಸರಿಹೋಗುತ್ತದೆ.

ನನ್ನ ಜಗಳವಿರುವುದು ಇವಳ ಜೊತೆಗೇ. ಮಳವಳ್ಳಿಯ ಚಿಕ್ಕಮ್ಮ ಬಸ್ಸಿನಲ್ಲಿ ಸರ ಕಳಕೊಂಡು, ಯಾವುದೋ ಊರಿನ ಠಾಣೆಯಲ್ಲಿ ಎಫ್.ಐ.ಆರ್. ಪ್ರತಿಗೆಂದು 300 ರೂಪಾಯಿ ತೆತ್ತು ಬಂದರು. ಆ ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕೆಂದು ಹಳೆಯ ಕಾನೂನಿನಲ್ಲೂ ಇತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೂ ಇದೆ. ಸಾಕ್ಷಿ ಕೇಳಲು ಹೆಂಗಸನ್ನು ಠಾಣೆಗೆ ಬಾ ಎಂದು ಒತ್ತಾಯಿಸುವಂತಿಲ್ಲ, ಅವಳ ಮನೆಗೇ ಹೋಗಬೇಕು ಅನ್ನುವುದೂ ಕಾನೂನೇ. ಯಾವ ಧಾರಾವಾಹಿಯ ನಾಯಕ ಇದನ್ನು ನಮಗೆ ಹೇಳಿದ್ದಾನೆ? ಅವನಿಗೆ ಹೊಡೆಯುವುದಕ್ಕೇ ಹೊತ್ತು ಸಾಲದು! ಅವನ ಏಟಿಗೆ ಚಪ್ಪಾಳೆ ತಟ್ಟುವ ನಾವು, ಅದೇ ಕೈ ನಾಳೆ ನಮ್ಮ ಮಕ್ಕಳ ಮೇಲೂ ಏಳಬಹುದೆಂದು ಯೋಚಿಸುವುದಿಲ್ಲ.

ಲಂಚ ಕೇಳಿದರೆ ಲೋಕಾಯುಕ್ತಕ್ಕೆ ದೂರು ಕೊಡಬಹುದಲ್ಲ ಅಂದೆ. ‘ಅಲ್ಲೀವರೆಗೆ ಯಾರು ಅಲೀತಾರೆ?’ ಅಂದಳು ಗೆಳತಿ. ಮರುದಿನದ ಕಂತಿಗೆ ಮಾತ್ರ ಒಲೆಯ ಮೇಲಿನ ಸಾರು ಬಿಟ್ಟು ಓಡಿದ್ದಳು.