ಪರೀಕ್ಷೆಯ ಚಿಂತೆಯೂ ಒಂದು ಧ್ಯಾನವೇ

ಬೀದರ್ ನಗರ ಇಂದು ಕೋಟೆಗೆ ಹೇಗೋ ಹಾಗೆ ‘ನೀಟ್’ ತರಬೇತಿಗೂ ಹೆಸರಾಗಿದೆ. ಭಾಲ್ಕಿ, ಔರಾದ್ ತಾಲ್ಲೂಕುಗಳ ಮಕ್ಕಳೂ ಹೆತ್ತವರ ನಿರೀಕ್ಷೆಯನ್ನು ಹೊತ್ತು ಇಲ್ಲಿನ ಕಾಲೇಜು, ವಸತಿನಿಲಯಗಳನ್ನು ಸೇರುತ್ತಾರೆ. ಆ ಹೊರೆ ಕೆಲವೊಮ್ಮೆ ಎಳೆಯ ಮನಸ್ಸಿಗೆ ಮೀರಿದ್ದಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಗೆ ಶರಣಾದ ವಿದ್ಯಾರ್ಥಿಗಳ ಸಂಖ್ಯೆ 13,044. ಕಾರಣಗಳು ಹಲವು; ಪರೀಕ್ಷೆಯ ಸೋಲು ಅವುಗಳಲ್ಲೊಂದು.

ಇಂತಹ ಸಂದರ್ಭದಲ್ಲಿ ‘ಧ್ಯಾನ ಮಾಡಿ’ ಎಂಬ ಸಲಹೆ ಸುಲಭ. ಆದರೆ ಎಲ್ಲ ಧ್ಯಾನವೂ ಹಿತಕರವಲ್ಲವೆಂಬುದು ಜಿನಧರ್ಮದ ಎಚ್ಚರಿಕೆ. ಉಮಾಸ್ವಾಮಿ ಆಚಾರ್ಯರ ‘ತತ್ತ್ವಾರ್ಥಸೂತ್ರ’ವು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂಬ ನಾಲ್ಕು ಧ್ಯಾನಗಳನ್ನು ಹೇಳುತ್ತದೆ. ಬೇಡವಾದುದು ಎದುರಾದಾಗ ಪಾರಾಗುವ ತವಕ, ಬೇಕಾದುದು ಕೈತಪ್ಪಿದಾಗಿನ ಕೊರಗು, ನೋವಿನದೇ ಮೆಲುಕು, ಮುಂದಿನ ಫಲದ ಹಂಬಲ ಇವೇ ಆರ್ತಧ್ಯಾನ. ನಡುರಾತ್ರಿ ನಿದ್ದೆಗೆಟ್ಟ ವಿದ್ಯಾರ್ಥಿಗೆ ಏಕಾಗ್ರತೆಯ ಕೊರತೆಯಿಲ್ಲ. ಅವನ ಚಿತ್ತವೆಲ್ಲ ಅಂಕಪಟ್ಟಿಯಲ್ಲೇ ನೆಟ್ಟಿದೆ. ಬದಲಾಗಬೇಕಾದುದು ಧ್ಯಾನದ ವಿಷಯ.

ಶ್ರಾವಕರ ಸಾಮಾಯಿಕ ಇದಕ್ಕೆ ದಾರಿ. ಒಂದು ಮುಹೂರ್ತ, ಅಂದರೆ 48 ನಿಮಿಷ, ಲಾಭ-ನಷ್ಟಗಳಲ್ಲಿ ಸಮಭಾವ ತಾಳುವ ಅಭ್ಯಾಸವಿದು. ವಿದ್ಯಾರ್ಥಿಗಳು ಹತ್ತು ನಿಮಿಷದಿಂದಲೇ ಆರಂಭಿಸಬಹುದು. ಕಾಯೋತ್ಸರ್ಗದಲ್ಲಿ ದೇಹದ ಬಿಗಿತವನ್ನು ಸಡಿಲಿಸಿ, ಬಂದುಹೋಗುವ ಉಸಿರನ್ನು ಸುಮ್ಮನೆ ನೋಡುವುದು ಮೊದಲ ಹೆಜ್ಜೆ. ಆಚಾರ್ಯ ಮಹಾಪ್ರಜ್ಞರು 1975ರಲ್ಲಿ ರೂಪಿಸಿದ ಪ್ರೇಕ್ಷಾಧ್ಯಾನದ ಅಡಿಪಾಯವೂ ಇದೇ. ಆದರೆ ಹೆಚ್ಚು ಅಂಕ ಬರಲೆಂದೇ ಕಣ್ಣು ಮುಚ್ಚಿದರೆ ಅದು ಮತ್ತೆ ಫಲದ ಹಂಬಲವಾಗಿ ಆರ್ತಧ್ಯಾನಕ್ಕೇ ಮರಳುತ್ತದೆ.

ಬೀದರ್ ಸಮೀಪದ ಕಮಠಾಣದಲ್ಲಿ ಭಗವಾನ್ ಪಾರ್ಶ್ವನಾಥರ ಪ್ರಾಚೀನ ಬಸದಿಯಿದೆ. ಕಮಠನ ಜೀವ ಕಲ್ಲುಮಳೆ ಸುರಿಸಿದಾಗ ಪಾರ್ಶ್ವನಾಥರು ಧ್ಯಾನದಿಂದ ಕದಲಲಿಲ್ಲ. ಮಳೆ ನಿಲ್ಲಲೆಂದು ಅವರು ಧ್ಯಾನಿಸಿದ್ದಲ್ಲ. ಮಳೆಯ ನಡುವೆಯೂ ಆತ್ಮದಲ್ಲಿ ನೆಲೆನಿಂತರು. ಆಗ ಹೆಡೆಬಿಚ್ಚಿ ನೆರಳಾದವನು ಧರಣೇಂದ್ರ.

ತೀರ್ಥಂಕರರ ಕಥೆಯಲ್ಲೇ ಹೆಡೆಯ ಆಸರೆ ಇರುವಾಗ, ಹದಿನೆಂಟರ ಹರೆಯದವರನ್ನು ‘ಧ್ಯಾನ ಮಾಡಿಕೋ’ ಎಂದು ಒಂಟಿಯಾಗಿ ಬಿಡುವುದು ಧರ್ಮವಲ್ಲ. ಧ್ಯಾನ ವಿದ್ಯಾರ್ಥಿಯ ಕರ್ತವ್ಯವಾದರೆ, ನೆರಳಾಗುವುದು ಹಿರಿಯರ ಕರ್ತವ್ಯ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಸೂಚಿಸಿದೆ. ನೊಂದವರ ಮಾತಿಗೆ ಕಿವಿಯಾಗಲು ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416 ಹಗಲಿರುಳೂ ಇದೆ. ಮನೆಯಲ್ಲಿ ನೆರೆಮನೆಯ ಮಗುವಿನೊಡನೆ ಹೋಲಿಸುವ ಮಾತನ್ನು ಬಿಡುವುದೂ ಅಹಿಂಸೆಯೇ. ಅಂಕವು ಮಗುವಿನ ಒಂದು ಮುಖ ಮಾತ್ರ. ಉಳಿದ ಮುಖಗಳನ್ನು ಕಾಣುವುದೇ ಅನೇಕಾಂತ ದೃಷ್ಟಿ.